ಯಾವ ನ್ಯಾನೊಸೆಲ್ಯುಲೋಸ್ ಬೇಕು? ಮೊದಲು ನೀರಿನ ಲೆಕ್ಕ ನೋಡಿ

'ನ್ಯಾನೊಸೆಲ್ಯುಲೋಸ್ ಬೇಕು' ಅನ್ನುವುದು 'ಬಟ್ಟೆ ಬೇಕು' ಅಂದ ಹಾಗೆ. ಯಾವ ಬಟ್ಟೆ, ಯಾತಕ್ಕೆ, ಉಡುವುದಕ್ಕೋ ಹಾಸುವುದಕ್ಕೋ ಅಂತ ತಿಳಿಯದೆ ಯಾರೂ ತೆಗೆದು ಕೊಡಲಾರರು. ನ್ಯಾನೊಸೆಲ್ಯುಲೋಸ್ ಅಂದರೆ ಮರ, ಹತ್ತಿಯಂಥವುಗಳ ನಾರಿನ ಸೆಲ್ಯುಲೋಸನ್ನು ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯ ಒಂದು ಭಾಗ) ಅಳತೆಗೆ ಬಿಡಿಸಿದ್ದು. ಈ ಒಂದು ಹೆಸರಿನ ಕೆಳಗೆ ಸ್ವಭಾವದಲ್ಲಿ ಒಂದಕ್ಕೊಂದು ಹೋಲದ ಮೂರು ನಾಲ್ಕು ವಸ್ತುಗಳಿವೆ. ಒಂದು ಗಿಡ್ಡ ಸೂಜಿಯಂಥ ಹರಳು. ಇನ್ನೊಂದು ಉದ್ದನೆಯ, ಬಳುಕುವ ಎಳೆ. ಒಂದನ್ನು ನೂರು ಭಾಗದಲ್ಲಿ ಮೂರು ಭಾಗ ಬೆರೆಸಿದರೂ ಅದು ನೀರಿನ ಹಾಗೇ ಹರಿಯುತ್ತದೆ. ಇನ್ನೊಂದನ್ನು ಒಂದು ಭಾಗ ಬೆರೆಸಿದರೆ ಸಾಕು, ಪಾತ್ರೆ ತಲೆಕೆಳಗು ಮಾಡಿದರೂ ಬೀಳದ ಜೆಲ್ ಆಗುತ್ತದೆ.

ಹೊಸದಾಗಿ ಬರುವವರನ್ನು ಮೊದಲು ಸೆಳೆಯುವುದು ಬಲದ ಸಂಖ್ಯೆ. ಸೆಲ್ಯುಲೋಸ್ ಹರಳಿನ ಉದ್ದಕ್ಕೆ ಅಳೆದರೆ ಬಿಗಿತ ಸುಮಾರು 130ರಿಂದ 150 ಗಿಗಾಪ್ಯಾಸ್ಕಲ್. ಉಕ್ಕಿಗೆ ಸುಮಾರು 200. ಆದರೆ ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಸೆಲ್ಯುಲೋಸಿನದು ಸುಮಾರು 1.6 ಮಾತ್ರ. ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ, ಅಲ್ವಾ? ಆದರೆ ಇದು ಒಂದೇ ಒಂದು ಹರಳಿನ ಲೆಕ್ಕ. ಅಂಥ ಕೋಟಿ ಕೋಟಿ ಎಳೆಗಳು ಅಡ್ಡಾದಿಡ್ಡಿ ಕೂತು ಆದ ಹಾಳೆಯ ಬಿಗಿತ ಸಾಮಾನ್ಯವಾಗಿ 10ರಿಂದ 15 ಗಿಗಾಪ್ಯಾಸ್ಕಲ್‌ಗೆ ಇಳಿಯುತ್ತದೆ. ಅದೂ ಹಾಳೆ ಒಣಗಿದ್ದಾಗ.

'ಒಣಗಿದ್ದಾಗ' ಅನ್ನುವ ಆ ಮಾತಿನಲ್ಲೇ ಆಯ್ಕೆಯ ಕೀಲಿ ಇದೆ. ಬಲ ಎಷ್ಟು ಅಂತ ಕೇಳುವ ಮೊದಲು ಇದನ್ನು ಕೇಳಿಕೊಳ್ಳಿ: ನನ್ನ ವಸ್ತು ಕೊನೆಯವರೆಗೂ ನೀರಿನಲ್ಲೇ ಇರುತ್ತದೆಯೇ? ಒಮ್ಮೆ ಒಣಗಿ ಹಾಗೇ ಉಳಿಯುತ್ತದೆಯೇ? ಅಥವಾ ನೀರನ್ನು ಕಂಡರೆ ಆಗದ ಪ್ಲಾಸ್ಟಿಕ್ಕಿನೊಳಗೆ ಸೇರಬೇಕೇ? ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಗೊತ್ತಾದರೆ ಅರ್ಧ ಆಯ್ಕೆ ಮುಗಿದ ಹಾಗೆ.

ನೀರು ಯಾಕೆ ಇಷ್ಟು ಮುಖ್ಯ

ಸೆಲ್ಯುಲೋಸ್ ಅಂದರೆ ಗ್ಲೂಕೋಸ್ ಕೊಂಡಿಗಳ ನೇರ ಸರಪಳಿ. ಒಂದೊಂದು ಕೊಂಡಿಗೂ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಇವು ನೀರನ್ನು ಬಿಗಿಯಾಗಿ ಹಿಡಿಯುತ್ತವೆ. ನೀರು ಹೊರಟುಹೋದರೆ ಸುಮ್ನೆ ಇರುವುದಿಲ್ಲ, ಪಕ್ಕದ ಎಳೆಯನ್ನೇ ಹಿಡಿದುಕೊಳ್ಳುತ್ತವೆ. ಆ ಹಿಡಿತ ಒಮ್ಮೆ ಕೂತಿತೆಂದರೆ ಮತ್ತೆ ನೀರು ಹಾಕಿದರೂ ಪೂರ್ತಿ ಬಿಡುವುದಿಲ್ಲ. ಕಾಗದದ ಕೆಲಸದವರಿಗೆ ಇದು ಬಹಳ ಹಳೆಯ ಪರಿಚಯ. ಒಣಗಿದ ನಾರು ಕೊಂಬಿನ ಹಾಗೆ ಗಟ್ಟಿಯಾಗುವುದರಿಂದ ಅವರು ಇದನ್ನು ಹಾರ್ನಿಫಿಕೇಶನ್ ಅನ್ನುತ್ತಾರೆ.

ನಾನು ಇದನ್ನು ಕಲಿತದ್ದು ಒಂದು ಬಾಟಲಿ ಜೆಲ್ ಕಳೆದುಕೊಂಡ ಮೇಲೆ. ಎರಡು ಶೇಕಡಾ ಜೆಲ್ ತುಂಬಾ ಜಾಗ ಹಿಡಿಯುತ್ತಿತ್ತು. ಒಣಗಿಸಿ ಇಟ್ಟುಕೊಂಡು, ಬೇಕಾದಾಗ ನೀರು ಹಾಕಿದರಾಯಿತು ಅಂದುಕೊಂಡು ಓವನ್ನಿನಲ್ಲಿ ಇಟ್ಟೆ. ಮರುದಿನ ಸಿಕ್ಕಿದ್ದು ಉಗುರಿನಂಥ ಗಟ್ಟಿ ಚಕ್ಕೆಗಳು. ನೆನೆಸಿದೆ, ಬಿಸಿ ಮಾಡಿದೆ, ಮಿಕ್ಸರಿನಲ್ಲಿ ತಿರುಗಿಸಿದೆ. ಚಕ್ಕೆ ಸಣ್ಣದಾಯಿತು, ಜೆಲ್ ಮಾತ್ರ ವಾಪಸ್ಸು ಬರಲಿಲ್ಲ. ಎಳೆಯ ರೂಪದ ಸೆಲ್ಯುಲೋಸ್ ಮಾರುಕಟ್ಟೆಗೆ ಬಹುಪಾಲು ನೀರಿನ ಜೊತೆಗೇ ಬರುವುದು ಇದೇ ಕಾರಣಕ್ಕೆ. ಎರಡು ಶೇಕಡಾ ಜೆಲ್ ನೂರು ಕಿಲೊ ತರಿಸಿದರೆ 98 ಕಿಲೊ ನೀರನ್ನೇ ಸಾಗಿಸಿದ ಹಾಗಾಯಿತು. ಯಾವುದು ಸರಿ ಅಂತ ತೂಗುವಾಗ ಈ ಭಾರವನ್ನೂ ತಕ್ಕಡಿಗೆ ಹಾಕಿ.

ಹರಳು: ಸಿಎನ್‌ಸಿ (ಸೆಲ್ಯುಲೋಸ್ ನ್ಯಾನೊಕ್ರಿಸ್ಟಲ್)

ಗಿಡದ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಸರಪಳಿಗಳು ಕಂತೆ ಕಂತೆಯಾಗಿ ಇರುತ್ತವೆ. ತೀರಾ ಸಣ್ಣ ಕಂತೆಯ ಅಗಲ 3ರಿಂದ 4 ನ್ಯಾನೊಮೀಟರ್. ಕಂತೆಯಲ್ಲಿ ಕೆಲವು ಕಡೆ ಸರಪಳಿಗಳು ಒತ್ತಾಗಿ, ಸಾಲಾಗಿ ಕೂತಿರುತ್ತವೆ. ಕೆಲವು ಕಡೆ ಸಡಿಲ. ಬಲವಾದ ಆಮ್ಲ ಹಾಕಿದರೆ ಸಡಿಲ ಜಾಗ ಮೊದಲು ಕರಗುತ್ತದೆ, ಒತ್ತಾದ ಜಾಗ ಹರಳಾಗಿ ಉಳಿಯುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಂಗ್ಟ್ ರೋನ್‌ಬಿ 1949ರ ಸುಮಾರಿಗೆ ಹೀಗೆ ಸಿಕ್ಕ ಕಣಗಳು ನೀರಿನಲ್ಲಿ ತೇಲಿ ನಿಲ್ಲುವುದನ್ನು ತೋರಿಸಿದರು. ಇವತ್ತಿಗೂ ಬಳಕೆಯಲ್ಲಿರುವ ಸಾಮಾನ್ಯ ದಾರಿ ಇದು: 64 ಶೇಕಡಾ ಸಲ್ಫ್ಯೂರಿಕ್ ಆಮ್ಲ, 45 ಡಿಗ್ರಿ ಬಿಸಿ, ಮುಕ್ಕಾಲು ಗಂಟೆ ಆಸುಪಾಸು. ಮರದಿಂದ ಅಥವಾ ಹತ್ತಿಯಿಂದ ಬಂದ ಹರಳಿನ ಅಗಲ 5ರಿಂದ 20 ನ್ಯಾನೊಮೀಟರ್, ಉದ್ದ ಹೆಚ್ಚುಕಡಿಮೆ 100ರಿಂದ 300.

ಈ ಆಮ್ಲ ಹರಳಿನ ಮೈಮೇಲೆ ಸಲ್ಫೇಟ್ ಗುಂಪುಗಳನ್ನೂ ಬಿಟ್ಟುಹೋಗುತ್ತದೆ. ಅವುಗಳ ಋಣ ವಿದ್ಯುದಂಶದಿಂದ ಹರಳುಗಳು ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕೇ ಅವು ತಳಕ್ಕೆ ಕೂರುವುದಿಲ್ಲ. ಆ ಗುಂಪುಗಳ ಆಮ್ಲದ ಹೈಡ್ರೊಜನ್ ಜಾಗಕ್ಕೆ ಸೋಡಿಯಂ ಕೂರಿಸಿ, ಅಂದರೆ ಸೋಡಿಯಂ ರೂಪಕ್ಕೆ ತಂದು ಒಣಗಿಸಿದರೆ ಪುಡಿಯಾಗಿ ಸಿಗುತ್ತದೆ, ಆ ಪುಡಿ ಮತ್ತೆ ನೀರಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸಾಗಾಟದ ಮಟ್ಟಿಗೆ ಇದು ಎಳೆಗಿಂತ ದೊಡ್ಡ ಅನುಕೂಲ.

ಅದೇ ಸಲ್ಫೇಟ್ ಶಾಖದ ಮುಂದೆ ಶತ್ರು. ಆಮ್ಲ ರೂಪದಲ್ಲೇ ಉಳಿದ ಹರಳು 200 ಡಿಗ್ರಿಗೂ ಮೊದಲೇ ಕಂದಾಗಿ ಒಡೆಯಲು ಶುರುವಾಗುತ್ತದೆ. ಬರೀ ಸೆಲ್ಯುಲೋಸ್ ಸುಮಾರು 300 ಡಿಗ್ರಿಯ ತನಕ ತಡೆಯುತ್ತದೆ ಅನ್ನುವುದನ್ನು ನೆನೆದರೆ ಇದು ದೊಡ್ಡ ಇಳಿತ. ಹರಳುಗಳಿಂದಷ್ಟೇ ಮಾಡಿದ ಹಾಳೆ ಸುಲಭವಾಗಿ ಮುರಿಯುತ್ತದೆ ಕೂಡ. ಗಿಡ್ಡ ಕಡ್ಡಿಗಳು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲವಲ್ಲ.

ಆದರೆ ಹರಳಿಗೆ ಮಾತ್ರ ಬರುವ ಒಂದು ವಿದ್ಯೆ ಇದೆ, ಅದು ಬಣ್ಣ. ನೀರು ನಿಧಾನವಾಗಿ ಆರುವಾಗ ಹರಳುಗಳು ತಾವಾಗಿಯೇ ಪದರ ಪದರವಾಗಿ ಕೂರುತ್ತವೆ. ಪ್ರತಿ ಪದರವೂ ಕೆಳಗಿನದಕ್ಕಿಂತ ಒಂದಿಷ್ಟು ತಿರುಗಿರುತ್ತದೆ, ತಿರುಪು ಮೆಟ್ಟಿಲಿನ ಹಾಗೆ. ಕೆನಡಾದಲ್ಲಿ ಸಂಶೋಧಕರು 1992ರಲ್ಲಿ ಈ ಜೋಡಣೆಯನ್ನು ವಿವರಿಸಿದರು. ಆ ತಿರುಪಿನ ಅಳತೆ ಬೆಳಕಿನ ಅಲೆಯ ಅಳತೆಗೆ ಹೊಂದಿದಾಗ ಹಾಳೆ ನೀಲಿಯಾಗಿಯೋ ಹಸಿರಾಗಿಯೋ ಹೊಳೆಯುತ್ತದೆ. ಬಣ್ಣದ ಪುಡಿ ಒಂದು ಚೂರೂ ಇಲ್ಲ! ಆಫ್ರಿಕಾದ ಪೋಲಿಯಾ ಕಂಡೆನ್ಸಾಟಾ ಅನ್ನುವ ಗಿಡದ ಹಣ್ಣು ಲೋಹದಂತೆ ನೀಲಿ ಮಿಂಚುವುದೂ ಜೀವಕೋಶದ ಗೋಡೆಯ ಇಂಥದೇ ತಿರುಪಿನಿಂದ. ಮೊದಲ ಸಲ ಗಾಜಿನ ತಟ್ಟೆಯಲ್ಲಿ ಬೆಳ್ಳಗಿನ ದ್ರವ ಆರಿ ಕಾಮನಬಿಲ್ಲಿನ ಬಣ್ಣ ತಾಳುವುದನ್ನು ನೋಡಿದ ದಿನ ನನಗೆ ಬೇರೆ ಕೆಲಸ ಮಾಡಲು ಮನಸ್ಸಾಗಲಿಲ್ಲ.

ಯಂತ್ರದಿಂದ ಬಿಡಿಸಿದ ಎಳೆ: ಸಿಎನ್‌ಎಫ್ (ಸೆಲ್ಯುಲೋಸ್ ನ್ಯಾನೊಫೈಬ್ರಿಲ್)

ಇದು ಶುರುವಾದದ್ದು ಹಾಲನ್ನು ಏಕರೂಪ ಮಾಡುವ ಹೋಮೊಜಿನೈಸರ್ ಯಂತ್ರದಿಂದ. ಅಮೆರಿಕದ ಐಟಿಟಿ ರೇಯೋನಿಯರ್ ಕಂಪನಿಯಲ್ಲಿ ಟರ್ಬಾಕ್, ಸ್ನೈಡರ್, ಸ್ಯಾಂಡ್‌ಬರ್ಗ್ 1970ರ ದಶಕದ ಕೊನೆಗೆ ಮರದ ಪಲ್ಪನ್ನು (ಕಾಗದ ಮಾಡುವ ನಾರಿನ ಮುದ್ದೆ) ಅಂಥ ಯಂತ್ರದ ಸಣ್ಣ ಕಂಡಿಯಿಂದ ಭಾರಿ ಒತ್ತಡದಲ್ಲಿ ಮತ್ತೆ ಮತ್ತೆ ಹಾಯಿಸಿದರು. ನಾರು ಎಳೆ ಎಳೆಯಾಗಿ ಬಿಚ್ಚಿ ಬಿಳಿ ಜೆಲ್ ಬಂತು. ಆದರೆ ಕರೆಂಟಿನ ಖರ್ಚು ಅದನ್ನು ಬಹಳ ವರ್ಷ ಮೂಲೆಗೆ ತಳ್ಳಿತು. ಮುನ್ಸಿದ್ಧತೆ ಇಲ್ಲದೆ ಒಂದು ಟನ್ ಒಣ ನಾರು ಬಿಡಿಸಲು 20,000 ಕಿಲೊವ್ಯಾಟ್ ಗಂಟೆಗಿಂತ ಜಾಸ್ತಿ ಬೇಕಾಗಬಹುದು. ಪಲ್ಪಿಗೆ ಮೊದಲೇ ಕಿಣ್ವ ಹಾಕಿ ಸಡಿಲ ಮಾಡುವ ದಾರಿ 2007ರ ಹೊತ್ತಿಗೆ ಗಟ್ಟಿಯಾಯಿತು. ಅಂಥ ಮುನ್ಸಿದ್ಧತೆಯಿಂದ ಆ ಲೆಕ್ಕ ಒಂದೆರಡು ಸಾವಿರಕ್ಕೆ ಇಳಿಯಿತು.

ಇದರಲ್ಲಿ ಎಳೆಗಳು ಒಂದೇ ಸಮ ಇರುವುದಿಲ್ಲ. ಹತ್ತಿಪ್ಪತ್ತು ನ್ಯಾನೊಮೀಟರಿನದೂ ಇರುತ್ತದೆ, ಮೈಕ್ರೊಮೀಟರ್ ದಪ್ಪದ ಚೂರೂ ಇರುತ್ತದೆ. ಅದಕ್ಕೇ ಜೆಲ್ ಮಬ್ಬಾಗಿ, ಬೆಳ್ಳಗೆ ಕಾಣುತ್ತದೆ. ಆದರೆ ಕಾಗದಕ್ಕೆ ಬಲ ಕೊಡಲು, ಬಣ್ಣ ಜಾರದಂತೆ ದಪ್ಪ ಮಾಡಲು ಅಷ್ಟು ನಯ ಬೇಕಾಗಿಯೇ ಇಲ್ಲ. ಮೈಮೇಲೆ ರಾಸಾಯನಿಕ ಗುಂಪು ಕಡಿಮೆ ಇರುವುದರಿಂದ ಶಾಖವನ್ನು ಇದು ಸಲ್ಫೇಟ್ ಹರಳಿಗಿಂತ, ಮುಂದೆ ಬರುವ ಟೆಂಪೊ ಎಳೆಗಿಂತ ಚೆನ್ನಾಗಿ ತಾಳುತ್ತದೆ, ನೀರಿನಲ್ಲಿ ಉಪ್ಪಿದ್ದರೂ ಅಷ್ಟಾಗಿ ಕೆಡುವುದಿಲ್ಲ. ನನ್ನ ಅನುಭವದಲ್ಲಿ 'ಸಾಧಾರಣ' ಅಂತ ಇದನ್ನು ಬದಿಗಿಟ್ಟವರಲ್ಲಿ ಅರ್ಧ ಜನರಿಗೆ ಬೇಕಾಗಿದ್ದುದು ಇದೇ.

ಮೂಲ ಯಾವುದು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಮ್ಮೆಯೂ ಒಣಗದ ಪಲ್ಪು ಬೇಗ ಬಿಚ್ಚಿಕೊಳ್ಳುತ್ತದೆ. ಕ್ಯಾರೆಟ್, ಬೀಟ್‌ನಂಥ ಗೆಡ್ಡೆಗಳ ತೆಳು ಗೋಡೆ ಮರಕ್ಕಿಂತ ಸುಲಭ. ಸ್ಕಾಟ್ಲೆಂಡಿನ ಸೆಲ್ಯುಕಾಂಪ್ ಇಂಥ ಗೆಡ್ಡೆಗಳ ಉಳಿಕೆಯಿಂದಲೇ ಪೇಂಟಿಗೆ ಹಾಕುವ ವಸ್ತು ಮಾಡಿದೆ. ಮರದ ನಾರುಗಳನ್ನು ಅಂಟಿಸಿ ಹಿಡಿಯುವ ಲಿಗ್ನಿನ್ ಅನ್ನುವ ವಸ್ತುವನ್ನು ಪೂರ್ತಿ ತೆಗೆಯದೆ ಮಾಡಿದ ಕಂದು ಎಳೆಯೂ ಸಿಗುತ್ತದೆ. ಬಿಳುಪು ಮಾಡುವ ಕೆಲಸ ಅದರಲ್ಲಿ ಉಳಿತಾಯವಾಗುತ್ತದೆ, ನೀರನ್ನೂ ಒಂದಿಷ್ಟು ಕಡಿಮೆ ಹೀರುತ್ತದೆ. ಬಣ್ಣದ ಚಿಂತೆ ಇಲ್ಲದ ಕಡೆ ಅದನ್ನು ಮರೆಯಬೇಡಿ.

ಟೆಂಪೊ ಎಳೆ

ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅಕಿರಾ ಇಸೊಗಾಯಿ ಮತ್ತು ತ್ಸುಗುಯುಕಿ ಸೈತೊ 2006ರ ಹೊತ್ತಿಗೆ ಬೇರೆ ದಾರಿ ತೋರಿಸಿದರು. ಟೆಂಪೊ ಅನ್ನುವ ವೇಗವರ್ಧಕ, ಜೊತೆಗೆ ಸೋಡಿಯಂ ಬ್ರೋಮೈಡ್ ಮತ್ತು ಹೈಪೊಕ್ಲೋರೈಟ್. ಇವು ಎಳೆಯ ಮೈಮೇಲಿನ ಒಂದು ಬಗೆಯ ಹೈಡ್ರಾಕ್ಸಿಲನ್ನು ಮಾತ್ರ ಕಾರ್ಬಾಕ್ಸಿಲೇಟ್ ಮಾಡುತ್ತವೆ. ಎಲ್ಲ ಎಳೆಗೂ ಋಣ ವಿದ್ಯುದಂಶ ಬಂದಾಗ ಅವು ತಾವೇ ದೂರ ಸರಿಯಲು ನೋಡುತ್ತವೆ, ಯಂತ್ರ ಸ್ವಲ್ಪ ತಿರುಗಿಸಿದರೆ ಸಾಕು. 3ರಿಂದ 4 ನ್ಯಾನೊಮೀಟರ್ ಅಗಲದ, ಬಹುತೇಕ ಒಂದೇ ಸಮನಾದ ಎಳೆ ಸಿಗುತ್ತದೆ. ಜೆಲ್ ಗಾಜಿನಷ್ಟು ತಿಳಿ. ಯೋಶಿಹಾರು ನಿಶಿಯಾಮ ಅವರೂ ಸೇರಿ ಈ ಮೂವರಿಗೆ 2015ರಲ್ಲಿ ಮಾರ್ಕಸ್ ವಾಲೆನ್‌ಬರಿ ಪ್ರಶಸ್ತಿ ಬಂತು.

ಇದರ ದುರ್ಬಲ ಜಾಗಗಳೂ ಆ ವಿದ್ಯುದಂಶದಿಂದಲೇ ಬಂದವು. ಗಡಸು ನೀರಿನ ಕ್ಯಾಲ್ಸಿಯಂ ಸೇರಿದರೆ ಗಂಟು ಕಟ್ಟುತ್ತದೆ. ಆಮ್ಲ ಜಾಸ್ತಿಯಾದರೂ ಗಂಟು. 200 ಡಿಗ್ರಿ ದಾಟಿದ ಸ್ವಲ್ಪದರಲ್ಲೇ ಒಡೆಯತೊಡಗುತ್ತದೆ. ತೊಳೆದು ಉಪ್ಪು ತೆಗೆಯುವುದೇ ಒಂದು ದೊಡ್ಡ ಕೆಲಸ. ರೇಷ್ಮೆ ಬಟ್ಟೆಯ ಸೂಕ್ಷ್ಮದ ಹಾಗೆ ಅಂದುಕೊಳ್ಳಿ: ಚೆಂದವೂ ಹೌದು, ಜೋಪಾನವೂ ಬೇಕು.

ಬ್ಯಾಕ್ಟೀರಿಯಾ ಹೆಣೆಯುವ ಸೆಲ್ಯುಲೋಸ್ ಗಿಡದ್ದಲ್ಲ. ಆದರೂ ಲಿಗ್ನಿನ್ ಇಲ್ಲದ ಶುದ್ಧ, ಒದ್ದೆ ಹಾಳೆಯೇ ಬೇಕು ಅನ್ನುವವರು ಅದನ್ನೂ ನೋಡಬಹುದು. ಇಲ್ಲಿ ಅದರ ಬಗ್ಗೆ ಇಷ್ಟು ಸಾಕು.

ಕೆಲಸ ನೋಡಿ ಆರಿಸುವುದು

ಕೊನೆಯವರೆಗೂ ನೀರಿನಲ್ಲೇ ಇರುವ ಕೆಲಸ ಎಲ್ಲಕ್ಕಿಂತ ಸುಲಭ. ಪೇಂಟ್, ಇಂಕು, ಕ್ರೀಮು ದಪ್ಪವಾಗಬೇಕು, ಆದರೆ ಒತ್ತಿದಾಗ ಹರಿಯಬೇಕು. ಎಳೆಯ ಜೆಲ್ ಸುಮ್ನೆ ಇದ್ದಾಗ ಗಟ್ಟಿ, ಉಜ್ಜಿದಾಗ ತೆಳು. ಜಪಾನಿನ ಮಿತ್ಸುಬಿಷಿ ಪೆನ್ಸಿಲ್ ಕಂಪನಿಯ ಯೂನಿಬಾಲ್ ಸಿಗ್ನೊ 307 ಜೆಲ್ ಪೆನ್ನಿನ ಇಂಕಿನಲ್ಲಿ ಇರುವುದು ಇದೇ ಗುಣ. ಗುಂಡು ಉರುಳುವಾಗ ಇಂಕು ಹರಿಯುತ್ತದೆ, ಕಾಗದದ ಮೇಲೆ ಬಿದ್ದ ಕೂಡಲೇ ನಿಲ್ಲುತ್ತದೆ. ಇಂಥ ಕಡೆ ಹರಳು ತಂದರೆ ದಪ್ಪ ಬರಲು ಬಹಳ ಹಾಕಬೇಕಾಗುತ್ತದೆ. ನಿಮ್ಮ ದ್ರವದಲ್ಲಿ ಉಪ್ಪು ಇದ್ದರೆ ಯಂತ್ರದ ಎಳೆ ತೆಗೆದುಕೊಳ್ಳಿ. ಇಲ್ಲದಿದ್ದರೆ, ತಿಳಿಯಾಗಿಯೇ ಕಾಣಬೇಕಿದ್ದರೆ ಟೆಂಪೊ. ಎಣ್ಣೆ ಮತ್ತು ನೀರು ಬೇರೆಯಾಗದಂತೆ ಹಿಡಿಯಬೇಕಾದರೆ ಲೆಕ್ಕ ಬದಲಾಗುತ್ತದೆ. ಎಣ್ಣೆ ಹನಿಯ ಮೈಗೆ ಅಂಟಿ ಕಾವಲು ನಿಲ್ಲುವುದರಲ್ಲಿ ಹರಳು ಜಾಣ. ಆದರೆ ಮೈಮೇಲೆ ವಿದ್ಯುದಂಶ ಜಾಸ್ತಿ ಇರುವ ಹರಳು ಬೇಡ, ಅದು ಹನಿಗೆ ಸರಿಯಾಗಿ ಅಂಟುವುದಿಲ್ಲ.

ಒಮ್ಮೆ ಒಣಗಿ ಹಾಗೇ ಉಳಿಯುವ ವಸ್ತುಗಳಲ್ಲಿ ಹಾಳೆ ಮುಖ್ಯ. ಒತ್ತಾಗಿ ಒಣಗಿದ ಎಳೆಯ ಹಾಳೆಯಲ್ಲಿ ಆಮ್ಲಜನಕ ದಾಟಲು ದಾರಿಯೇ ಸಿಗುವುದಿಲ್ಲ. ಹಾಗಾಗಿ ಪ್ಯಾಕಿಂಗ್‌ಗೆ ಇದರ ಮೇಲೆ ದೊಡ್ಡ ಆಸೆ. ಆದರೆ ಇಲ್ಲಿ ಮತ್ತೆ ನೀರು ಬರುತ್ತದೆ. ಗಾಳಿಯ ತೇವ ಮುಕ್ಕಾಲು ಪಾಲಿನ ಹತ್ತಿರ ಬಂದರೆ ಎಳೆಗಳು ಉಬ್ಬುತ್ತವೆ, ಬಾಗಿಲು ತೆರೆದುಕೊಳ್ಳುತ್ತದೆ. ಒಣ ಹವೆಯಲ್ಲಿ ಅಳೆದ ಒಂದೇ ಸಂಖ್ಯೆ ತೋರಿಸಿ ಮಾರುವವರ ಬಳಿ ತೇವದಲ್ಲಿ ಅಳೆದದ್ದನ್ನೂ ಕೇಳಿ. ನೀರು ತಡೆಯುವ ಪದರಗಳ ನಡುವೆ ಇದನ್ನು ಇಟ್ಟು ಬಳಸುವುದೇ ಸದ್ಯಕ್ಕೆ ಸರಿಯಾದ ದಾರಿ. ಪಾರದರ್ಶಕ ಹಾಳೆಗೆ, ಬಾಗುವ ಎಲೆಕ್ಟ್ರಾನಿಕ್ಸಿನ ತಳಕ್ಕೆ ಟೆಂಪೊ ಎಳೆ ಮೊದಲ ಆಯ್ಕೆ. ಶಾಖಕ್ಕೆ ಹಿಗ್ಗುವುದೂ ಮಾಮೂಲಿ ಪ್ಲಾಸ್ಟಿಕ್ಕಿಗಿಂತ ಬಹಳ ಕಡಿಮೆ. ಸೆಲ್ಯುಲೋಸ್ ವಿದ್ಯುತ್ ಹರಿಸುವುದಿಲ್ಲ ಅನ್ನುವುದು ನೆನಪಿರಲಿ. ಹರಿಯಬೇಕಾದರೆ ಕಾರ್ಬನ್ ನ್ಯಾನೊಟ್ಯೂಬನ್ನೋ ವಾಹಕ ಪಾಲಿಮರನ್ನೋ ಜೊತೆಗೆ ಸೇರಿಸಲೇಬೇಕು, ಸೆಲ್ಯುಲೋಸ್ ಅಲ್ಲಿ ಬರೀ ಹಂದರ.

ಏರೋಜೆಲ್, ಅಂದರೆ ನೀರಿನ ಜಾಗದಲ್ಲಿ ಗಾಳಿ ತುಂಬಿದ ಹಗುರ ಒಣ ಜೆಲ್, ಮಾಡುವವರಿಗೆ ಒಣಗಿಸುವುದೇ ಇಡೀ ಕಥೆ. ಮಾಮೂಲಿಯಾಗಿ ಆರಿಸಿದರೆ ನೀರಿನ ಸೆಳೆತಕ್ಕೆ ಹಂದರ ಕುಸಿಯುತ್ತದೆ. ಹೆಪ್ಪುಗಟ್ಟಿಸಿ ಮಂಜನ್ನು ನೇರ ಆವಿ ಮಾಡಬೇಕು. ಇಲ್ಲವೇ ನೀರಿನ ಬದಲು ಆಲ್ಕೊಹಾಲ್ ತುಂಬಿ, ಆಮೇಲೆ ಒತ್ತಡದ ಕಾರ್ಬನ್ ಡೈಆಕ್ಸೈಡಿನಿಂದ ತೆಗೆಯಬೇಕು. ಮೊದಲನೆಯದರಲ್ಲಿ ದೊಡ್ಡ ರಂಧ್ರ, ಎರಡನೆಯದರಲ್ಲಿ ಸಣ್ಣ, ನಯವಾದ ರಂಧ್ರ. ಹೊರಬರುವ ತುಂಡಿನಲ್ಲಿ 98 ಶೇಕಡಾಕ್ಕೂ ಜಾಸ್ತಿ ಗಾಳಿಯೇ ಇರುತ್ತದೆ. ಇಲ್ಲಿ ಉದ್ದದ ಎಳೆ ಬೇಕು, ಹೆಣೆದುಕೊಂಡು ನಿಲ್ಲುವುದು ಅದೇ. ಬೆಂಕಿಯ ಭಯ ಇರುವ ಕಡೆ ಫಾಸ್ಫೇಟ್ ಸೇರಿಸಿದ ಎಳೆ ನೋಡಿ, ಅದು ಉರಿಯುವ ಬದಲು ಇದ್ದಿಲಿನ ಪದರ ಕಟ್ಟುತ್ತದೆ.

ಪ್ಲಾಸ್ಟಿಕ್ಕಿಗೆ ಬಲ ಕೊಡುವುದು ಎಲ್ಲಕ್ಕಿಂತ ಕಷ್ಟ. ಹೆಚ್ಚು ಜನ ಸೋಲುವುದೂ ಇಲ್ಲೇ. ಪಾಲಿಪ್ರೊಪಿಲೀನಿಗೆ ನೀರು ಆಗದು, ಸೆಲ್ಯುಲೋಸಿಗೆ ನೀರೇ ಬೇಕು. ಒದ್ದೆ ಜೆಲ್ ಸುರಿದರೆ ಆವಿ ಗುಳ್ಳೆ, ಒಣಗಿಸಿ ಹಾಕಿದರೆ ಗಂಟು. ಪ್ಲಾಸ್ಟಿಕ್ಕಿನ ಒಳಗಿನ ಗಂಟು ಬಲ ಕೊಡುವುದಿಲ್ಲ, ಬಿರುಕಿಗೆ ಜಾಗ ಕೊಡುತ್ತದೆ. ಕ್ಯೋಟೊ ವಿಶ್ವವಿದ್ಯಾಲಯದ ತಂಡ ಇದಕ್ಕೊಂದು ಜಾಣ ದಾರಿ ಕಂಡುಕೊಂಡಿತು. ಎಳೆ ಬಿಡಿಸಿ ಆಮೇಲೆ ಬೆರೆಸುವ ಬದಲು, ಪಲ್ಪಿನ ಮೈಯನ್ನು ಮೊದಲೇ ರಾಸಾಯನಿಕವಾಗಿ ಬದಲಿಸಿ, ಕರಗಿದ ಪ್ಲಾಸ್ಟಿಕ್ಕಿನ ಜೊತೆ ಎರಡು ತಿರುಪಿನ ಎಕ್ಸ್‌ಟ್ರೂಡರಿಗೆ (ಪ್ಲಾಸ್ಟಿಕ್ ಕರಗಿಸಿ, ಕಲಸಿ ಹೊರಗೆ ಒತ್ತುವ ಯಂತ್ರ) ಹಾಕುವುದು. ಎಳೆ ಬಿಚ್ಚುವುದೂ ಬೆರೆಯುವುದೂ ಒಟ್ಟಿಗೇ ಆಗುತ್ತದೆ. ಜಪಾನಿನ ಪರಿಸರ ಸಚಿವಾಲಯದ ಯೋಜನೆಯಲ್ಲಿ ಈ ಬಗೆಯ ವಸ್ತುಗಳ ಭಾಗ ಜೋಡಿಸಿ ಮಾಡಿದ ಕಾರನ್ನು 2019ರ ಟೋಕಿಯೊ ಮೋಟಾರ್ ಶೋನಲ್ಲಿ ಇಟ್ಟಿದ್ದರು. ಆರಿಸುವಾಗ ಶಾಖದ ಲೆಕ್ಕ ತಪ್ಪಬೇಡಿ. ಪಾಲಿಪ್ರೊಪಿಲೀನ್ 165 ಡಿಗ್ರಿಯ ಸುಮಾರಿಗೆ ಕರಗುತ್ತದೆ, ಗಿಡದ ಸಕ್ಕರೆಯಿಂದ ಮಾಡುವ ಪ್ಲಾಸ್ಟಿಕ್ ಪಿಎಲ್‌ಎ 170ರ ಹತ್ತಿರ. ಇವೆರಡಕ್ಕೆ ದಾರಿ ಇದೆ. ನೈಲಾನ್ 6ಕ್ಕೆ 220 ಬೇಕು. ಅಲ್ಲಿಗೆ ಟೆಂಪೊ ಎಳೆಯನ್ನೂ ಸಲ್ಫೇಟ್ ಹರಳನ್ನೂ ನಾನಂತೂ ಒಯ್ಯುವುದಿಲ್ಲ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಪಾಲಿಪ್ರೊಪಿಲೀನಿಗೆ ಹತ್ತು ಭಾಗ ಸೆಲ್ಯುಲೋಸ್ ಸೇರಿಸಿದರೆ ಅದು ಮಣ್ಣಿನಲ್ಲಿ ಕರಗುವ ವಸ್ತು ಆಗುವುದಿಲ್ಲ. ತೂಕ ಇಳಿಯಬಹುದು, ಪ್ಲಾಸ್ಟಿಕ್ ಕಡಿಮೆ ಬಳಸಬಹುದು. ಅಷ್ಟನ್ನೇ ಹೇಳಿ ಮಾರಿದರೆ ಸಾಕು.

ನೀರು ಶುದ್ಧ ಮಾಡುವ ಕೆಲಸಕ್ಕೆ ವಿದ್ಯುದಂಶದ ಗುರುತು ನೋಡಿದರೆ ಸಾಕು. ಸೀಸ, ತಾಮ್ರದ ಅಯಾನು, ಮಿಥಿಲೀನ್ ಬ್ಲೂನಂಥ ಧನ ಬಣ್ಣ ಹಿಡಿಯಲು ಋಣ ಅಂಶದ ಎಳೆ. ಋಣ ಬಣ್ಣಕ್ಕೆ ಅಮೋನಿಯಂ ಗುಂಪು ಹಾಕಿದ ಧನ ಎಳೆ. ಪುಡಿಯಾಗಿಯೋ ಜೆಲ್ಲಾಗಿಯೋ ಸುರಿದರೆ ಮತ್ತೆ ಸೋಸಿ ತೆಗೆಯಲು ಕಷ್ಟ, ಮಣಿ ಅಥವಾ ಸ್ಪಂಜು ಮಾಡಿಕೊಂಡು ಬಳಸಿ.

ವೈದ್ಯಕೀಯದಲ್ಲಿ ಒಂದು ವಿಷಯ ಮರೆಯುವಂತಿಲ್ಲ. ಸೆಲ್ಯುಲೋಸನ್ನು ಕತ್ತರಿಸುವ ಕಿಣ್ವ ಮನುಷ್ಯನ ದೇಹದಲ್ಲಿ ಇಲ್ಲ. ಒಳಗೆ ಇಟ್ಟರೆ ಕರಗಿ ಹೋಗುತ್ತದೆ ಅಂತ ಭಾವಿಸಬೇಡಿ. ಹೊರಗಿನ ಗಾಯದ ಪಟ್ಟಿಗೆ, ಜೀವಕೋಶ ಬೆಳೆಸುವ ಜೆಲ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. ಫಿನ್ಲೆಂಡಿನ ಯುಪಿಎಂ ಕಂಪನಿಯ ಗ್ರೋಡೆಕ್ಸ್ ಅಂಥ ಜೆಲ್. ಅದರೊಳಗೆ ಬೆಳೆದ ಕೋಶಗಳನ್ನು ಬಿಡಿಸಿಕೊಳ್ಳಲು ಸೆಲ್ಯುಲೇಸ್ ಕಿಣ್ವ ಹಾಕಿದರೆ ಹಂದರ ಮಾತ್ರ ಕರಗುತ್ತದೆ, ಕೋಶ ಉಳಿಯುತ್ತದೆ. ದೇಹಕ್ಕೆ ಬಾರದ ಕಿಣ್ವವೇ ಅಲ್ಲಿ ಉಪಕಾರಕ್ಕೆ ಬಂತು.

ತರಿಸುವ ಮೊದಲು, ತರಿಸಿದ ಮೇಲೆ

ನಿಜವಾಗಿ ನ್ಯಾನೊ ಬೇಕೇ ಅಂತ ಒಮ್ಮೆ ಕೇಳಿಕೊಳ್ಳಿ. ಬರೀ ದಪ್ಪ ಮಾಡಲು ನೀರಿನಲ್ಲಿ ಕರಗುವ ಸಿಎಂಸಿ (ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್) ಸಾಕಾಗಬಹುದು. ಮಾತ್ರೆಗೆ ತುಂಬಲು ಮೈಕ್ರೊಕ್ರಿಸ್ಟಲೈನ್ ಸೆಲ್ಯುಲೋಸ್ ಬಹಳ ಹಿಂದಿನಿಂದ ಇದೆ. ಕಾಗದ ಗಟ್ಟಿಯಾಗಲು ಪಲ್ಪನ್ನು ಇನ್ನೊಂದು ಸುತ್ತು ಅರೆದರೂ ಆದೀತು.

ನ್ಯಾನೊ ಬೇಕೇ ಬೇಕು ಅಂತಾದರೆ ಹೆಸರನ್ನು ನಂಬಿ ತರಿಸಬೇಡಿ. ಒಂದೇ ವಸ್ತುವನ್ನು ಎಂಎಫ್‌ಸಿ, ಎನ್‌ಎಫ್‌ಸಿ, ಸಿಎನ್‌ಎಫ್ ಅಂತ ಬೇರೆ ಬೇರೆ ಕಡೆ ಬರೆಯುತ್ತಾರೆ. ಹರಳನ್ನು ಎನ್‌ಸಿಸಿ ಅಂದವರೂ ಇದ್ದಾರೆ. ಹೆಸರುಗಳನ್ನು ಒಂದು ದಾರಿಗೆ ತರಲು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ 2017ರಲ್ಲಿ ಒಂದು ಪದಪಟ್ಟಿ ತಂದಿದೆ, ಆದರೂ ಹಳೆ ರೂಢಿ ಪೂರ್ತಿ ಹೋಗಿಲ್ಲ. ಘನಾಂಶ ಎಷ್ಟು, ಗ್ರಾಮಿಗೆ ಎಷ್ಟು ಮಿಲಿಮೋಲ್ ವಿದ್ಯುದಂಶ, ಸೋಡಿಯಂ ರೂಪವೋ ಆಮ್ಲ ರೂಪವೋ, ಮಧ್ಯೆ ಎಲ್ಲಾದರೂ ಒಣಗಿತ್ತೇ, ಬೂಷ್ಟು ತಡೆಯಲು ಏನು ಹಾಕಿದ್ದಾರೆ ಅಂತ ಕೇಳಿ. ಕೊನೆಯದನ್ನು ಕೇಳದೆ ಜೀವಕೋಶ ಬೆಳೆಸಲು ಹೊರಟರೆ ಕೋಶಗಳೇ ಸಾಯುತ್ತವೆ.

ದೊಡ್ಡ ಉಪಕರಣ ಇಲ್ಲದವರೂ ಒಂದು ಪರೀಕ್ಷೆ ಮಾಡಬಹುದು. ಜೆಲ್ಲನ್ನು ಶುದ್ಧ ನೀರಿನಲ್ಲಿ ನೂರಕ್ಕೆ 0.1 ಭಾಗ ಬರುವಂತೆ ಚೆನ್ನಾಗಿ ಕಲಸಿ, ಗಾಜಿನ ಬಾಟಲಿಯಲ್ಲಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಬಿಳಿ ಪದರ ಕೂತರೆ ದಪ್ಪ ಚೂರು ಜಾಸ್ತಿ ಇದೆ ಅಂತ ಅರ್ಥ. ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇದ್ದರೆ ಒಳ್ಳೆಯದು. ಟೆಂಪೊ ಅಂತ ಕೊಟ್ಟದ್ದು ಮಬ್ಬಾಗಿದ್ದರೆ ವಾಪಸ್ಸು ಮಾತಾಡಿ. ಒಣ ಪುಡಿ ತರಿಸಿದ್ದರೆ ಸುರಿಯುವಾಗ ಮಾಸ್ಕ್ ಹಾಕಿಕೊಳ್ಳಿ, ಅಷ್ಟು ಸಣ್ಣ ಧೂಳು ಶ್ವಾಸಕೋಶಕ್ಕೆ ಹೋಗುವುದು ಬೇಡ. ಜೆಲ್ ಆದರೆ ಮುಚ್ಚಳ ಬಿಗಿಮಾಡಿ ಫ್ರಿಜ್ಜಿನಲ್ಲಿ ಇಡಿ. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಮಂಜಿನ ಹರಳು ಬೆಳೆಯುತ್ತಾ ಎಳೆಗಳನ್ನು ಒತ್ತಿ ಗಂಟು ಮಾಡಿಬಿಡುತ್ತದೆ, ಒಣಗಿಸಿದಾಗ ಆಗುವ ಹಾಗೆಯೇ.